ಆ ಮೆಸೇಜು ಕಳಿಸಿದವರು ಯಾರೂ ಇಲ್ಲ

ಹೈಸ್ಕೂಲು, ಪಿಯುಸಿ ಓದುತ್ತಿರುವ ಮಕ್ಕಳೇ, ಅವರ ಅಪ್ಪ ಅಮ್ಮಂದಿರೇ, ಸಹೋದ್ಯೋಗಿ ಮೇಷ್ಟ್ರುಗಳೇ,

ಇನ್‌ಸ್ಟಾಗ್ರಾಮ್ ಸ್ಟೋರಿಗೆ ಒಂದು ಲಿಂಕ್ ಅಂಟಿಸುವುದು, "ಹೆಸರು ಹೇಳದೆ ಏನು ಬೇಕಾದರೂ ಕೇಳಿ" ಅನ್ನುವುದು, ಆಮೇಲೆ ಯಾರು ಏನು ಕೇಳಿದ್ದಾರೆಂದು ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ನೋಡುವುದು. ಈ ಆಟ ನಿಮಗೆಲ್ಲ ಗೊತ್ತಿರುವುದೇ. ಆಡದವರೂ ಅಕ್ಕನೋ ತಮ್ಮನೋ ಆಡಿದ್ದನ್ನು ಕಂಡಿರುತ್ತೀರಿ. ಹಾಗೆ ಬಂದ ಮೆಸೇಜನ್ನು ನಿಮ್ಮ ಪರಿಚಯದವರೇ ಬರೆದಿದ್ದಾರೆ ಎಂದು ನಂಬುವುದಕ್ಕೆ ಇವತ್ತು ಯಾವ ಆಧಾರವೂ ಇಲ್ಲ. ಆ್ಯಪ್ ಕಂಪನಿಯ ಕಂಪ್ಯೂಟರೇ ಬರೆದು, ಗೆಳೆಯರು ಬರೆದಂತೆ ಕಳಿಸಿತು ಎಂದು ಸರ್ಕಾರವೊಂದು ಮೊಕದ್ದಮೆ ಹೂಡಿದೆ, ಕಂಪನಿ ದುಡ್ಡು ಕಟ್ಟಿ ಅದನ್ನು ಮುಗಿಸಿಕೊಂಡಿದೆ. ಆ ಕತೆಯನ್ನು ಮೊದಲು ಕೇಳಿ.

ಎನ್‌ಜಿಎಲ್ ಎಂಬ ಆ್ಯಪ್ 2021ರ ಕೊನೆಗೆ ಅಮೆರಿಕದಲ್ಲಿ ಶುರುವಾಯಿತು. 2022ರ ಮಧ್ಯಭಾಗಕ್ಕೆ ಆ್ಯಪ್ ಸ್ಟೋರಿನ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತ್ತು. ಆಗ ಟೆಕ್‌ಕ್ರಂಚ್ ಸುದ್ದಿತಾಣದವರು ಒಂದು ಸರಳ ಪರೀಕ್ಷೆ ಮಾಡಿದರು. ಲಿಂಕ್ ತಯಾರಿಸಿದರು, ಯಾರಿಗೂ ಕೊಡದೆ ಸುಮ್ಮನಿದ್ದರು. ಆದರೂ ಮೆಸೇಜುಗಳು ಬಂದವು. ಲಿಂಕೇ ಯಾರ ಕೈಗೂ ಹೋಗಿಲ್ಲ, ಬರೆದವರು ಯಾರು? ಸುದ್ದಿ ಹೊರಬಿದ್ದ ಮೇಲೆ ಕಂಪನಿ ಸದ್ದಿಲ್ಲದೆ ಅಂಥ ಮೆಸೇಜುಗಳ ಮೇಲೆ ಇವು ತನ್ನ ತಂಡದಿಂದ ಬಂದವು ಎಂಬ ಗುರುತು ಹಾಕತೊಡಗಿತು.

2024ರ ಜುಲೈ 9ರಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಲಾಸ್ ಏಂಜಲಿಸ್ ಜಿಲ್ಲಾ ಅಟಾರ್ನಿ ಕಚೇರಿ ಸೇರಿ ಈ ಕಂಪನಿಯ ಮೇಲಿನ ಕ್ರಮವನ್ನು ಪ್ರಕಟಿಸಿದವು. ದೂರಿನಲ್ಲಿರುವ ವ್ಯವಹಾರ ಹೀಗಿದೆ. ಕಂಪ್ಯೂಟರ್ ತಯಾರಿಸಿದ ಪ್ರಶ್ನೆ ಮಗುವಿನ ಫೋನಿಗೆ ಬೀಳುತ್ತದೆ. ನೀನು ಮಾಡಿದ್ದು ನನಗೆ ಗೊತ್ತು ಎಂಬ ಅರ್ಥದ್ದು ಒಂದು. ನಿನಗೆ ಹುಡುಗರು ಇಷ್ಟವೋ ಹುಡುಗಿಯರೋ ಎಂದು ಕೆದಕುವಂಥದ್ದು ಇನ್ನೊಂದು. ಯಾರಿದು ಎಂದು ಮಗು ಒದ್ದಾಡುತ್ತಿರುವಾಗಲೇ, ದುಡ್ಡು ಕೊಟ್ಟರೆ ಕಳಿಸಿದವರು ಯಾರೆಂದು ತಿಳಿಸುತ್ತೇವೆ ಎಂಬ ಬಟನ್ ಎದುರಿಗಿರುತ್ತದೆ. ಅಲ್ಲಿನ ದರ ಆಗ ವಾರಕ್ಕೆ 9.99 ಡಾಲರ್‌ವರೆಗೆ ಇತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿಗೂ ಹೆಚ್ಚು. ಅದು ಒಂದೇ ಸಲದ ಖರ್ಚೆಂದು ತಿಳಿದವರಿಂದ ಪ್ರತಿ ವಾರವೂ ಕಡಿತವಾಗುತ್ತಿತ್ತು. ಇಷ್ಟು ಕೊಟ್ಟವರಿಗೆ ಸಿಕ್ಕಿದ್ದೇನು? ಹೆಸರಲ್ಲ. ಕಳಿಸಿದವರ ಕೈಯಲ್ಲಿ ಐಫೋನ್ ಇತ್ತೋ ಆ್ಯಂಡ್ರಾಯ್ಡ್ ಇತ್ತೋ, ಯಾವ ಕಡೆಯವರು ಎಂಬಂಥ ಸುಳಿವುಗಳು. ಮೋಸವಾಯಿತೆಂದು ದೂರು ಹೇಳಿಕೊಂಡ ಗ್ರಾಹಕರನ್ನು ಕಂಪನಿಯೊಳಗಿನವರು ಬೆಪ್ಪುಗಳೆಂದು ಆಡಿಕೊಂಡು ನಕ್ಕಿದ್ದೂ ದೂರಿನಲ್ಲಿದೆ. ಶಾಲೆಗಳಲ್ಲಿ ನಾಲ್ಕು ಜನ ಮೆಚ್ಚುವ ಮಕ್ಕಳನ್ನು ಹಿಡಿದು ಅವರಿಂದ ಪೋಸ್ಟ್ ಮಾಡಿಸಿ, ಅವರ ಸ್ನೇಹಿತರಿಂದಲೂ ಮಾಡಿಸಿ ಎಂದು ನೌಕರರಿಗೆ ಹೇಳಿದ್ದೂ ಇದೆ. ಇದನ್ನು ಓದಿದಾಗ ಒಬ್ಬ ಉಪನ್ಯಾಸಕಿಯಾಗಿ ನನ್ನ ಹೊಟ್ಟೆ ಉರಿಯಿತು.

ಕಂಪನಿ 50 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 45 ಲಕ್ಷ ಗ್ರಾಹಕರಿಗೆ ಹಿಂದಿರುಗಿಸಲು, 5 ಲಕ್ಷ ದಂಡ. ಹದಿನೆಂಟು ವರ್ಷದೊಳಗಿನವರಿಗೆ ಆ ಆ್ಯಪ್ ಕೊಡುವಂತಿಲ್ಲ ಎಂಬ ಷರತ್ತೂ ಬಂತು. ಅದಾಗಿ ಒಂದು ವರ್ಷ ದಾಟುವಷ್ಟರಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ, ಅದೇ ಕಮಿಷನ್ ಸೆಂಡಿಟ್ ಎಂಬ ಇನ್ನೊಂದು ಆ್ಯಪಿನ ಮೇಲೆ ಮೊಕದ್ದಮೆ ಹೂಡಿತು. ಹೆಚ್ಚುಕಡಿಮೆ ಅದೇ ಆರೋಪ: ಇಲ್ಲದ ಜನರ ಹೆಸರಿಲ್ಲದ ಮೆಸೇಜು, ಕಳಿಸಿದವರನ್ನು ತೋರಿಸಲು ವಾರದ ಚಂದಾ.

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನುವವರು ನಮ್ಮ ತರಗತಿಯೊಳಗೆ ಒಂದು ಗಳಿಗೆ ಬನ್ನಿ.

ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಒಂದು ದಿನ ಎದ್ದು ಹಿಂದಿನ ಬೆಂಚಿಗೆ ಹೋದಳು. ವಾರವಾದರೂ ಇಬ್ಬರೂ ಮಾತಾಡಲಿಲ್ಲ. ಕರೆದು ಕೇಳಿದಾಗ ಹಿಂದೆ ಹೋದವಳು ಫೋನ್ ತೆಗೆದು ತೋರಿಸಿದಳು. ಬಣ್ಣದ ಚೌಕದೊಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು. ನೀನು ಮಾಡಿದ್ದು ನನಗೆ ಗೊತ್ತು, ಅಷ್ಟೇ.

"ಇದನ್ನ ಬರೆದಿರೋದು ಅವಳೇ ಮಿಸ್. ಅವಳಿಗೆ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ."

"ಏನು ಗೊತ್ತಿಲ್ಲಮ್ಮ?"

ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಳು. "ಟೆಸ್ಟ್ ಮಾರ್ಕ್ಸ್ ಕಾರ್ಡಿಗೆ ನಮ್ಮಪ್ಪನ ಸೈನ್ ನಾನೇ ಹಾಕಿದ್ದು ಮಿಸ್."

ಮೆಸೇಜಿನಲ್ಲಿ ಮಾರ್ಕ್ಸ್ ಕಾರ್ಡಿನ ಸುದ್ದಿಯೇ ಇರಲಿಲ್ಲ. ಸೈನಿನ ಸುದ್ದಿಯೂ ಇರಲಿಲ್ಲ. ಅದನ್ನೆಲ್ಲ ತುಂಬಿಕೊಂಡವಳು ಓದಿದವಳೇ. ಹದಿನಾರು ವರ್ಷದ ಯಾವ ಮಗುವಿಗೆ ಆ ಸಾಲು ಕಳಿಸಿದರೂ ಹೀಗೆಯೇ ಆಗುತ್ತದೆ. ಮುಚ್ಚಿಟ್ಟ ಒಂದು ಸಣ್ಣ ತಪ್ಪು, ಅದನ್ನು ಬಲ್ಲ ಒಬ್ಬ ಸ್ನೇಹಿತೆ ಎಲ್ಲರಿಗೂ ಇರುತ್ತಾರೆ. ಆ ಸಾಲು ಬರೆದದ್ದು ಯಂತ್ರವೋ ಮನುಷ್ಯರೋ ಎಂದು ತಿಳಿಯಲು ಅವಳ ಫೋನಿನಲ್ಲಿ ಯಾವ ದಾರಿಯೂ ಇರಲಿಲ್ಲ, ಈಗಲೂ ಇಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ದುಡ್ಡಿನ ಮೋಸ ದೊಡ್ಡದೇ, ಆದರೆ ಅದನ್ನು ವಾಪಸ್ ಕೊಡಿಸಬಹುದು. ಯಾರೂ ಬರೆಯದ ಒಂದು ಸಾಲಿಗೆ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಆರೋಪಿಯಾಗಿ ನಿಲ್ಲುತ್ತಾಳಲ್ಲ, ಅವಳಿಗೆ ನ್ಯಾಯ ಕೊಡಿಸುವ ಕೋರ್ಟು ಎಲ್ಲಿದೆ? ನಾನು ಬರೆದಿಲ್ಲ ಕಣೇ ಎಂದು ಅವಳು ಎಷ್ಟು ಹೇಳಿದರೂ, ಬರೆದವರು ಹೇಳುವುದೂ ಅದನ್ನೇ ಅಲ್ಲವೇ?

ಮೂಗರ್ಜಿಗಳು ಹಿಂದೆಯೂ ಇದ್ದವು. ಶಾಲೆಗೆ, ಗಂಡಿನ ಮನೆಗೆ, ಕಚೇರಿಯ ಸಾಹೇಬರಿಗೆ ಹೆಸರಿಲ್ಲದ ಕಾಗದಗಳು ಬರುತ್ತಿದ್ದವು, ಸಂಸಾರಗಳು ಒಡೆದದ್ದೂ ಉಂಟು. ಆದರೆ ಅದನ್ನು ಬರೆಯಲು ಒಬ್ಬ ಮನುಷ್ಯ ಕೂರಬೇಕಿತ್ತು. ಕೈಬರಹ ಇರುತ್ತಿತ್ತು, ಅಂಚೆಯ ಮೊಹರು ಇರುತ್ತಿತ್ತು, ಹಗೆ ಸಾಧಿಸಲು ಒಂದು ಕಾರಣ ಇರುತ್ತಿತ್ತು. ಅಂಚೆ ಇಲಾಖೆಯೇ ಮೂಗರ್ಜಿ ಬರೆದು ಮನೆಮನೆಗೆ ಹಾಕಿ, ಬರೆದವರ ಹೆಸರು ಬೇಕಾದರೆ ಇಷ್ಟು ಕಟ್ಟಿ ಎಂದು ಯಾವತ್ತೂ ಕೇಳಲಿಲ್ಲ.

ಕಂಪನಿಯವರದು ಒಂದು ಕಡೆಯಾದರೆ ಹೊರಗಿನ ಬಾಟ್‌ಗಳದು ಇನ್ನೊಂದು. ಈ ಲಿಂಕುಗಳ ಪುಟಕ್ಕೆ ಲಾಗಿನ್ ಬೇಕಿಲ್ಲ. ಲಿಂಕ್ ಇದ್ದ ಯಾರು ಬೇಕಾದರೂ ಖಾಲಿ ಜಾಗದಲ್ಲಿ ಬರೆದು ಕಳಿಸಬಹುದು. ಮನುಷ್ಯ ಕಳಿಸಬಹುದಾದ್ದನ್ನು ಪ್ರೋಗ್ರಾಮೂ ಕಳಿಸಬಹುದು, ದಣಿಯದೆ, ನಿದ್ದೆಯಿಲ್ಲದೆ. ಒಬ್ಬರ ಲಿಂಕಿಗೆ ಒಂದೇ ಕೆಟ್ಟ ಮಾತನ್ನು ನೂರಾರು ಸಲ ಸುರಿಯುವ ಸ್ಕ್ರಿಪ್ಟ್‌ಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅದನ್ನು ನಡೆಸುವವನು ತಮಾಷೆಗೆ ನಡೆಸುವ ಸಹಪಾಠಿ ಇರಬಹುದು. ಪಡೆದವಳಿಗೆ ಮಾತ್ರ ಇಡೀ ಕಾಲೇಜೇ ತನ್ನನ್ನು ದ್ವೇಷಿಸುತ್ತಿದೆ ಎನ್ನಿಸುತ್ತದೆ. ನೂರು ಮೆಸೇಜಿನ ಹಿಂದೆ ನೂರು ಮುಖ ಕಾಣುವುದು ಸಹಜ, ಇರುವುದು ಒಂದು ಬೆರಳು. ಇನ್ನು ನಿನ್ನ ಫೋಟೊ ಇಲ್ಲಿದೆ ನೋಡು ಎಂದು ಲಿಂಕ್ ಹಿಡಿದು ಬರುವ ಕಳ್ಳ ಮೆಸೇಜುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವನ್ನು ಒತ್ತಬೇಡಿ.

ಇಲ್ಲಿಯವರೆಗೆ ಒಂದು ಸುಳಿವಾದರೂ ಇತ್ತು. ಯಂತ್ರದ ಮಾತು ಚುಕ್ಕೆ ತಪ್ಪದ ಇಂಗ್ಲಿಷಿನಲ್ಲಿರುತ್ತಿತ್ತು, ನಮ್ಮ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಳ್ಳುತ್ತಾರೆ. ಆ ಸುಳಿವೂ ಅಳಿಸುತ್ತಿದೆ. ಇವತ್ತಿನ ಕೃತಕ ಬುದ್ಧಿಮತ್ತೆಗೆ "ಯಾಕೋ ಮಗಾ" ಅನ್ನುವುದೂ ಗೊತ್ತು, "ಲೇ ಸುಮ್ನಿರ್ಲೇ" ಅನ್ನುವುದೂ ಗೊತ್ತು. ಧಾರವಾಡದ ಹುಡುಗನಿಗೆ ಧಾರವಾಡದ ಮಾತಿನಲ್ಲೇ ಸುಳ್ಳು ಪ್ರಶ್ನೆ ಕಳಿಸುವುದು ಈಗ ಕಷ್ಟದ ಕೆಲಸವಲ್ಲ. ಆದ್ದರಿಂದ ಮಾತು ನೋಡಿ ಗುರುತು ಹಿಡಿಯಿರಿ ಎಂದು ಮಕ್ಕಳಿಗೆ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಹಾಗಾದರೆ ಇವನ್ನೆಲ್ಲ ಬ್ಯಾನ್ ಮಾಡಿಬಿಡಲಿ ಎಂದು ಪೋಷಕರ ಸಭೆಯಲ್ಲಿ ಅನೇಕರು ಹೇಳುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಹಿಂದೆ ಏನಾಯಿತು ನೋಡಿ. 2017ರಲ್ಲಿ ಹೆಸರಿಲ್ಲದೆ ಮೆಸೇಜು ಕಳಿಸುವ ಸೌದಿ ಅರೇಬಿಯಾದ ಸರಾಹಾ ಆ್ಯಪ್ ಭಾರತದಲ್ಲೂ ಹುಚ್ಚು ಹಿಡಿಸಿತ್ತು. ಅದು ಫೋನಿನಲ್ಲಿದ್ದ ಕಾಂಟ್ಯಾಕ್ಟ್‌ಗಳನ್ನು ತನ್ನ ಸರ್ವರಿಗೆ ಸಾಗಿಸುತ್ತಿತ್ತು ಎಂಬುದು ಆ ವರ್ಷವೇ ಬಯಲಾಯಿತು. ಆಸ್ಟ್ರೇಲಿಯಾದ ತಾಯಿಯೊಬ್ಬರು ತಮ್ಮ ಮಗಳಿಗೆ ಬಂದ ಮೆಸೇಜುಗಳನ್ನು ಕಂಡು ಸಹಿ ಸಂಗ್ರಹಿಸಿದರು, ಲಕ್ಷಾಂತರ ಜನ ಜೊತೆಗೂಡಿದರು, 2018ರ ಫೆಬ್ರುವರಿಗೆ ಆಪಲ್ ಮತ್ತು ಗೂಗಲ್ ಸ್ಟೋರುಗಳಿಂದ ಅದು ಹೋಯಿತು. ಮರುವರ್ಷ ಸ್ನ್ಯಾಪ್‌ಚಾಟ್‌ಗೆ ಅಂಟಿಕೊಂಡು ಯೋಲೋ ಎಂಬ ಅಂಥದ್ದೇ ಆ್ಯಪ್ ಬಂತು. ಮಗನನ್ನು ಕಳೆದುಕೊಂಡ ಅಮೆರಿಕದ ಒಬ್ಬ ತಾಯಿ 2021ರಲ್ಲಿ ಕೋರ್ಟಿಗೆ ಹೋದ ಮೇಲೆ ಸ್ನ್ಯಾಪ್‌ಚಾಟ್ ಅದನ್ನು ತನ್ನಿಂದ ಕಳಚಿತು, 2022ರ ಮಾರ್ಚ್‌ನಲ್ಲಿ ಅನಾಮಧೇಯ ಆ್ಯಪ್‌ಗಳಿಗೆಲ್ಲ ತನ್ನ ಬಾಗಿಲು ಮುಚ್ಚಿತು. ಕೆಲವೇ ತಿಂಗಳಲ್ಲಿ ಎನ್‌ಜಿಎಲ್ ಇನ್‌ಸ್ಟಾಗ್ರಾಮ್ ಹಿಡಿದು ಮೇಲೆದ್ದಿತು. ಹೆಸರನ್ನು ನಿಷೇಧಿಸಿದರೆ ಇನ್ನೊಂದು ಹೆಸರು ಬರುತ್ತದೆ. ನಿಷೇಧಿಸಬೇಕಾದ್ದು ಆ ಮೋಸದ ವಿಧಾನವನ್ನು.

ಹೆಸರಿಲ್ಲದೆ ಮಾತಾಡುವ ಅವಕಾಶವೇ ಹೋಗಲಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ದೂರು ಪೆಟ್ಟಿಗೆಗೆ ಹೆಸರಿಲ್ಲದೆ ಚೀಟಿ ಹಾಕಿದ ಹುಡುಗಿಯರಿಂದಲೇ ಎಷ್ಟೋ ಸಂಗತಿಗಳು ಹೊರಬಿದ್ದಿವೆ. ಮುಟ್ಟಿನ ಬಗ್ಗೆ, ಮನೆಯಲ್ಲಿ ಕುಡಿಯುವ ಅಪ್ಪನ ಬಗ್ಗೆ, ತನ್ನ ಮೈಯ ಬಗ್ಗೆ ಹೆಸರು ಹೇಳಿ ಕೇಳಲಾಗದ ಪ್ರಶ್ನೆಗಳಿರುತ್ತವೆ. ಅಂಥ ಚೀಟಿಯನ್ನು ನಾವು ನಂಬುವುದು ಅದರ ಹಿಂದೆ ಒಂದು ಜೀವ ಇದೆ ಎಂಬ ಕಾರಣಕ್ಕೆ. ಸುಳ್ಳು ಮೆಸೇಜು ತುಂಬಿದಷ್ಟೂ ನಿಜವಾಗಿ ಕಷ್ಟದಲ್ಲಿರುವ ಮಗುವಿನ ಹೆಸರಿಲ್ಲದ ಮಾತನ್ನೂ ಯಾರೂ ನಂಬದಂತಾಗುತ್ತದೆ.

ನಮ್ಮಲ್ಲಿ ಕಾನೂನು ಪೂರ್ತಿ ಇಲ್ಲವೆಂದಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಎಂಬ ವಂಚನೆಯ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆ ಹೆಸರಿಸಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು, ಚಂದಾದ ಬಲೆಗೆ ಬೀಳಿಸುವುದು, ಬಿಡದೆ ಕಾಡುವುದು ಎಲ್ಲ ಅದರಲ್ಲಿವೆ. ಯಂತ್ರವನ್ನು ಮನುಷ್ಯನೆಂದು ನಂಬಿಸಿ ವ್ಯಾಪಾರ ಮಾಡುವುದನ್ನು ಮಾತ್ರ ಹೆಸರಿಟ್ಟು ಹೇಳಿಲ್ಲ. ಅದನ್ನು ಹದಿನಾಲ್ಕನೆಯದಾಗಿ ಸೇರಿಸಿ ಎಂಬುದು ನಮ್ಮ ಮೊದಲ ಒತ್ತಾಯ. ಆ್ಯಪ್ ತಾನೇ ತಯಾರಿಸಿದ ಪ್ರತಿ ಮೆಸೇಜಿನ ಮೇಲೆ, ಕನ್ನಡದಲ್ಲಿ ಬಳಸುವವರಿಗೆ ಕನ್ನಡದಲ್ಲೇ, ಇದು ಯಂತ್ರದ್ದು ಎಂದು ಓದಲು ಬರುವ ಅಳತೆಯ ಅಕ್ಷರದಲ್ಲಿ ಇರಲೇಬೇಕು. ಕಳಿಸಿದವರ ಗುರುತನ್ನು ಮಾರುವ ವ್ಯಾಪಾರ ಸಂಪೂರ್ಣ ನಿಲ್ಲಬೇಕು. ಕಳಿಸುವವರಿಗೆ ಗುರುತು ಗುಟ್ಟಾಗಿರುತ್ತದೆ ಎಂದು ಮಾತು ಕೊಟ್ಟು, ಪಡೆದವರಿಗೆ ಅದನ್ನೇ ಮಾರುತ್ತೇನೆ ಎನ್ನುವವರು ಇಬ್ಬರಲ್ಲಿ ಒಬ್ಬರಿಗಂತೂ ಸುಳ್ಳು ಹೇಳುತ್ತಿದ್ದಾರೆ. ಲಿಂಕಿನ ಪುಟಕ್ಕೆ ಪ್ರೋಗ್ರಾಮುಗಳು ನುಗ್ಗದಂತೆ ತಡೆ ಹಾಕುವ ಹೊಣೆಯೂ ಕಂಪನಿಯದೇ ಆಗಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಕಂಪನಿಗಳಿಗೆ ಹೊಂದಿಕೊಳ್ಳಲು 18 ತಿಂಗಳು ಕೊಟ್ಟಿದ್ದಾರೆ. ಆ ತಿಂಗಳುಗಳಲ್ಲಿ ನಮ್ಮ ಮಕ್ಕಳು ಕಾಲೇಜಿಗೆ ಬರುತ್ತಲೇ ಇರುತ್ತಾರೆ. ಅಲ್ಲಿಯವರೆಗೆ ಕಾಯಲು ನಮಗೆ ಪುರಸೊತ್ತಿಲ್ಲ.

ಮನೆಯಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಮಗು ಬಳಸುವ ಆ್ಯಪಿನಲ್ಲಿ ದೊಡ್ಡವರೊಬ್ಬರು ಹೊಸ ಲಿಂಕ್ ತೆರೆದು, ಯಾರಿಗೂ ಕೊಡದೆ ನಾಲ್ಕು ದಿನ ಬಿಡಿ. ಮೆಸೇಜು ಬಂದರೆ ಅದನ್ನು ಮಗುವಿಗೆ ತೋರಿಸಿ. ಇದಕ್ಕಿಂತ ಚೆನ್ನಾಗಿ ಯಾವ ಭಾಷಣವೂ ವಿಷಯ ತಿಳಿಸುವುದಿಲ್ಲ. ಬಂದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಚಂದಾ ಕಟ್ಟಿದ್ದರೆ ಆ್ಯಪ್ ಡಿಲೀಟ್ ಮಾಡಿದ ಮಾತ್ರಕ್ಕೆ ದುಡ್ಡು ಕಡಿತ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲೂ ಯುಪಿಐ ಆ್ಯಪಿನ ಆಟೊಪೇಯಲ್ಲೂ ಹೋಗಿ ರದ್ದು ಮಾಡಿ. ಮೋಸದ ಚಂದಾದ ದೂರಿಗೆ 1915, ದುಡ್ಡು ಲಪಟಾಯಿಸಿದ್ದರೆ 1930. ಬೆದರಿಕೆ, ಕಿರುಕುಳವಿದ್ದರೆ ಮಕ್ಕಳ ಸಹಾಯವಾಣಿ 1098. ಮಗು ಊಟ ಬಿಟ್ಟಿದ್ದರೆ, ರಾತ್ರಿ ಎದ್ದು ಕೂರುತ್ತಿದ್ದರೆ, ಬದುಕು ಸಾಕೆಂಬ ಮಾತಾಡಿದರೆ ನಾಚಿಕೆ ಬಿಟ್ಟು ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಕಿತ್ತುಕೊಳ್ಳುವ ಮೊದಲು ದಯವಿಟ್ಟು ಕೇಳಿಸಿಕೊಳ್ಳಿ. ಕಿತ್ತುಕೊಳ್ಳುತ್ತಾರೆಂಬ ಭಯಕ್ಕೇ ಎಷ್ಟೋ ಮಕ್ಕಳು ಹೇಳದೆ ಉಳಿಯುತ್ತಾರೆ.

ಮಕ್ಕಳೇ, ನಿಮ್ಮಲ್ಲಿ ಒಂದು ಕೋರಿಕೆ. ಹೆಸರಿಲ್ಲದ ಮೆಸೇಜು ಓದಿ ಯಾರ ಮೇಲಾದರೂ ಗುಮಾನಿ ಬಂದರೆ, ಅವರ ಜೊತೆ ಮಾತು ಬಿಡುವ ಮುಂಚೆ ಆ ಮೆಸೇಜನ್ನು ಅವರಿಗೇ ತೋರಿಸಿ. ಅಂಥದ್ದೇ ಅವರಿಗೂ ಬಂದಿರಬಹುದು.

ಮೇಲಿನ ಒತ್ತಾಯಗಳ ಮನವಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೂ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳಿಸುತ್ತಿದ್ದೇವೆ. ಹಿಂಬದಿಯ ಹಾಳೆಯಲ್ಲಿ ಹೆಸರು, ಊರು ಬರೆದು ಸಹಿ ಹಾಕಿ ಈ ಕರಪತ್ರ ಕೊಟ್ಟವರಿಗೇ ಹಿಂದಿರುಗಿಸಿ. ಫೋನ್ ನಂಬರ್ ಬರೆಯಬೇಕಿಲ್ಲ. ಹದಿನೆಂಟು ತುಂಬದವರು ಮನೆಯವರ ಸಹಿಯನ್ನೂ ಹಾಕಿಸಿ. ಇದನ್ನು ಯಾರು ಬೇಕಾದರೂ ಜೆರಾಕ್ಸ್ ಮಾಡಿಸಿ ಹಂಚಬಹುದು, ನೋಟಿಸ್ ಬೋರ್ಡಿಗೆ ಹಚ್ಚಬಹುದು, ಪೋಷಕರ ಸಭೆಯಲ್ಲಿ ಓದಬಹುದು.

— ಪಿಯು ಉಪನ್ಯಾಸಕರು ಮತ್ತು ಪೋಷಕರು, ದಾವಣಗೆರೆ