ಶಿಲ್ಪದ ಸುತ್ತ ನೂರು ಮೀಟರ್

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತಕ್ಕೆ ಅದು 42ನೆಯ ತಾಣ. ಷಿಕಾಗೊ, ಡೆಟ್ರಾಯಿಟ್, ಮಿನಿಯಾಪೊಲಿಸ್ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೂ ಅದು ಹೆಮ್ಮೆಯ ಸುದ್ದಿ. ಆ ಪಟ್ಟ ಬಂದಾಗ ಬೇಲೂರು ಪುರಸಭೆಯ ಊರು, ಹಳೇಬೀಡು ಗ್ರಾಮ ಪಂಚಾಯಿತಿ. ಲೋಕವೆಲ್ಲ ನೋಡಬಂದ ದೇಗುಲದ ಎದುರು ಕಸ ಎತ್ತಿಸುವುದು, ಬೀದಿದೀಪ ಉರಿಸುವುದು, ಚರಂಡಿ ಬಳಿಸುವುದು ಮಾತ್ರ ಮನೆಕಂದಾಯವನ್ನು ನೆಚ್ಚಿಕೊಂಡ ಆ ಪಂಚಾಯಿತಿಯ ಪಾಲಿಗೇ ಉಳಿಯಿತು.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಬಗ್ಗೆ, 1121ರ ಹೊತ್ತಿಗೆ ಆರಂಭವಾದ ಹೊಯ್ಸಳೇಶ್ವರನ ಬಗ್ಗೆ ಸ್ಮರಣ ಸಂಚಿಕೆಗಳು ಸಾಕಷ್ಟು ಬರೆದಿವೆ. ಆ ದೇಗುಲಗಳ ಪಕ್ಕದ ಮನೆಯವರ ಬಗ್ಗೆ ಬರೆದದ್ದು ಕಡಿಮೆ. ಹಾಗಾಗಿ ಈ ಸಲ ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ಊರಸುದ್ದಿಗೆ ಮೊದಲ ಪುಟ.

ಮೊದಲು ಮನೆ ಕಟ್ಟುವ ಮಾತು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಏಳುವಂತಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ಅನುಮತಿ ಬೇಕು. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಒಂದೇ ಅಲ್ಲ. ಕೇದಾರೇಶ್ವರವಿದೆ, ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಿವೆ. ಒಂದೊಂದರ ಸುತ್ತಲೂ ಇದೇ ಅಳತೆಯ ಗೆರೆ. ಅಣ್ಣತಮ್ಮಂದಿರು ಪಾಲಾಗಿ ಹಿತ್ತಿಲಲ್ಲಿ ಎರಡು ಕೋಣೆ ಎತ್ತೋಣವೆಂದರೆ ಮೊದಲು ಈ ಗೆರೆ ನೋಡಬೇಕು. ಪ್ರವಾಸಿಗರು ಹೆಚ್ಚಿದರೆಂದು ಮನೆಯ ಮೇಲೊಂದು ಮಹಡಿ ಹಾಕಿ ಬಾಡಿಗೆಗೆ ಕೊಡೋಣವೆಂದರೂ ಅಷ್ಟೆ.

ಇದು ಅಮೆರಿಕದ ಕನ್ನಡಿಗರಿಗೆ ಹೊಸ ಮಾತೇನಲ್ಲ. ಷಿಕಾಗೊದಲ್ಲಿ ಲ್ಯಾಂಡ್‌ಮಾರ್ಕ್ ಎಂದು ಘೋಷಿತವಾದ ಮನೆಯ ಹೊರಮುಖ ಬದಲಿಸಲು ನಗರದ ಲ್ಯಾಂಡ್‌ಮಾರ್ಕ್ ಆಯೋಗದ ಪರಿಶೀಲನೆ ದಾಟಬೇಕು. ಅಲ್ಲಿಯೂ ಗೊಣಗುವವರಿದ್ದಾರೆ. ಆದರೆ ಅಲ್ಲಿ ಗೊಣಗಾಟ ಕೇಳಲು ಆಯೋಗದ ಬಹಿರಂಗ ವಿಚಾರಣೆ ಇದೆ. ಹಳೇಬೀಡಿನ ಮನೆಯೊಡೆಯನ ಅರ್ಜಿ ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನವಾಗುವುದಿಲ್ಲ. ಹೊಸ ಕಟ್ಟಡವಿರಲಿ, ಹಳೆಯದರ ರಿಪೇರಿಯಿರಲಿ, ಸ್ಮಾರಕ ಕಾಯ್ದೆಯ ಅಧಿಕಾರಿಗಳ ಬಳಿಗೇ ಹೋಗಬೇಕು.

ಹೀಗಿದ್ದರೂ ಎಲ್ಲ ಕೊರತೆಗೂ ಕಾಯ್ದೆಯನ್ನೇ ಬೊಟ್ಟು ಮಾಡುವುದು ಸಲ್ಲ. ಕಾಯ್ದೆ 'ನಿರ್ಮಾಣ'ಕ್ಕೆ ಕೊಟ್ಟ ವ್ಯಾಖ್ಯೆಯಲ್ಲೇ ಚರಂಡಿ ಕೆಲಸ, ಸಾರ್ವಜನಿಕ ಶೌಚಾಲಯ, ನೀರು ಸರಬರಾಜು, ವಿದ್ಯುತ್ ವ್ಯವಸ್ಥೆಗಳನ್ನು ಹೊರಗಿಡಲಾಗಿದೆ. ಬಿಸಿಲಲ್ಲಿ ದೇಗುಲ ಸುತ್ತಿ ಬಂದ ಹೆಣ್ಣುಮಗಳು ಶುಚಿಯಾದ ಶೌಚಾಲಯಕ್ಕಾಗಿ ಹುಡುಕಾಡಬೇಕಾದರೆ ಅದಕ್ಕೆ ಕಾರಣ ದುಡ್ಡು, ಇಲ್ಲವೇ ಅಸಡ್ಡೆ.

ಇನ್ನು ದಾರಿಯ ಮಾತು. ಬೇಲೂರಿಗೂ ಹಳೇಬೀಡಿಗೂ ರೈಲಿಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ಅಲ್ಲಿಂದ ಬೇಲೂರಿಗೆ ಸುಮಾರು 22 ಕಿಲೋಮೀಟರ್ ಹಳಿ ಹಾಕುವ ಯೋಜನೆ ವರ್ಷಗಳಿಂದ ಕಾಯಿಸುತ್ತಿದೆ. ಅಷ್ಟರವರೆಗೆ ಹಾಸನದಲ್ಲೋ ಅರಸೀಕೆರೆಯಲ್ಲೋ ಇಳಿದು ಬಸ್ಸು ಹಿಡಿಯಬೇಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರು ಕಡೆಯ ಹಳಿ ಬಂದು ಕೂಡುವುದು ಅರಸೀಕೆರೆಯಲ್ಲೇ. 2023ರ ಆಗಸ್ಟ್ 6ರಂದು ಅಮೃತ ಭಾರತ ಯೋಜನೆಯಡಿ ಶಂಕುಸ್ಥಾಪನೆಯಾದ ನಿಲ್ದಾಣಗಳಲ್ಲಿ ಇದೂ ಒಂದು. 1220ರಲ್ಲಿ ಕಟ್ಟಿದ, ನಕ್ಷತ್ರಾಕಾರದ ಮಂಟಪವಿರುವ ಈಶ್ವರ ದೇಗುಲ ಈ ಊರಿನಲ್ಲೇ ಇದ್ದರೂ ಹೆಚ್ಚಿನ ಪ್ರಯಾಣಿಕರು ಪ್ಲಾಟ್‌ಫಾರ್ಮ್ ಬದಲಿಸಿ ಮುಂದೆ ಹೋಗುತ್ತಾರೆ.

ಅರಸೀಕೆರೆಯ ನಿಜವಾದ ಸುದ್ದಿ ಸಿಗುವುದು ಕೊಬ್ಬರಿ ಮಂಡಿಯಲ್ಲಿ. ಇಲ್ಲಿಯ ರೈತ ಕಾಯಿ ಕಿತ್ತ ಕೂಡಲೇ ಮಾರುವವನಲ್ಲ. ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಿ, ಗಿಟುಕು ಚಿಪ್ಪು ಬಿಟ್ಟು ಗಡಗಡ ಅಲ್ಲಾಡುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯುತ್ತಾನೆ. ಅಂದರೆ ಇವತ್ತು ಮಾರುವ ಉಂಡೆ ಕೊಬ್ಬರಿ ಹೋದ ವರ್ಷದ ಬೆಳೆ. ದರ ಬಿದ್ದರೆ ಒಂದಿಡೀ ವರ್ಷದ ಕಾಯುವಿಕೆ ನೀರುಪಾಲು. 2023ರಲ್ಲಿ ಹಾಗೇ ಆಯಿತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು, ಅರಸೀಕೆರೆ ಮಾರುಕಟ್ಟೆಗಳಲ್ಲಿ ಸಿಕ್ಕಿದ್ದು ಒಂಬತ್ತು ಸಾವಿರಕ್ಕೂ ಕಡಿಮೆ. 2024ಕ್ಕೆ ಬೆಂಬಲ ಬೆಲೆ 12,000 ಆಯಿತು. ಆ ಬೆಲೆಗೆ ಕೊಳ್ಳುವ ನಾಫೆಡ್‌ಗೆ ಕೊಡಲು ಹೆಸರು ಬರೆಸಬೇಕೆಂದು ರೈತರು ರಾತ್ರಿಯೇ ಬಂದು ಸರದಿ ಹಿಡಿದರು. ಅಕ್ರಮದ ದೂರೆದ್ದು ಆ ನೋಂದಣಿಯೇ ರದ್ದಾಗಿ, ಮತ್ತೆ ಮೊದಲಿಂದ ಶುರುವಾಯಿತು.

ಮರುವರ್ಷ ಚಕ್ರ ತಿರುಗಿತು. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ದಾಟಿತು. ಬೆಂಗಳೂರಿನ ಅಡುಗೆಮನೆಗಳು ಕಾಯಿ ರೇಟು ಕೇಳಿ ಬೆಚ್ಚಿದವು. ತೋಟದವನೇನೂ ಕುಣಿದಾಡಲಿಲ್ಲ, ಅವನ ಅಟ್ಟ ಅರ್ಧ ಖಾಲಿ. 2023ರ ಬರದಲ್ಲಿ ಸೊರಗಿದ ಮರಗಳಿಗೆ ಬಿಳಿನೊಣ, ಕಪ್ಪುತಲೆ ಹುಳುವಿನ ಕಾಟ ಸೇರಿತು. ಎಳನೀರಿಗೇ ಒಳ್ಳೆಯ ದುಡ್ಡು ಬಂದದ್ದರಿಂದ ಎಷ್ಟೋ ಕಾಯಿ ಬಲಿಯುವ ಮೊದಲೇ ಲಾರಿ ಹತ್ತಿತು. ದರ ಏರಿದ್ದೇ ಫಸಲು ಇಳಿದಿದ್ದರಿಂದ.

ಫಸಲಿನ ಹಿಂದೆ ಇರುವುದು ನೀರು. ಹೊಯ್ಸಳರು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಯಗಚಿ ನದಿಯ ನೀರನ್ನು ಕಾಲುವೆ ತೋಡಿ ತಂದಿದ್ದರು. ಒಂಬತ್ತು ಶತಮಾನಗಳ ಮೇಲೆ ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ರೈತರು ಕೆರೆ ಬತ್ತಿದಾಗ ಬೀದಿಗಿಳಿದು ಕೇಳಿದ್ದೂ ಅದೇ ಯಗಚಿಯ ನೀರನ್ನು, ರಣಘಟ್ಟ ಯೋಜನೆಯ ಹೆಸರಿನಲ್ಲಿ. ಇತ್ತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ನೀರಿನ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. 24.01 ಟಿಎಂಸಿಯ ಆ ಯೋಜನೆಯ ಕಾಲುವೆ ಕೋಲಾರ, ಚಿಕ್ಕಬಳ್ಳಾಪುರಗಳತ್ತ ಹೋಗಲು ಅರಸೀಕೆರೆ ತಾಲ್ಲೂಕನ್ನು ಹಾಯುತ್ತದೆ. ಜಮೀನು ಬಿಟ್ಟುಕೊಟ್ಟವರಿಗೆ ಪರಿಹಾರ ಎಷ್ಟು, ತಾಲ್ಲೂಕಿನ ಕೆರೆಗೆ ನೀರೆಷ್ಟು ಎಂಬುದು ಅಲ್ಲಿಯ ಟೀ ಅಂಗಡಿಗಳ ಲೆಕ್ಕ.

ಅರಸೀಕೆರೆ ಬಯಲುಸೀಮೆ, ಬೇಲೂರಿನ ಪಶ್ಚಿಮ ಮಲೆನಾಡು. ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟದ ಕೂಲಿಯವರು ಬೆಳಿಗ್ಗೆ ಮೊಬೈಲ್ ನೋಡುವುದು ಆನೆ ಎಲ್ಲಿದೆಯೆಂದು ತಿಳಿಯಲು. ಕಾಡಾನೆ ಹಾವಳಿಗೆಂದೇ 2022ರಲ್ಲಿ ಸರ್ಕಾರ ಹಾಸನ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಆನೆ ಕಾರ್ಯಪಡೆ ರಚಿಸಿತು. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಪಕ್ಕದ ಸಕಲೇಶಪುರ ತಾಲ್ಲೂಕಿನಲ್ಲಿ ಪ್ರಾಣಬಿಟ್ಟದ್ದು ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ.

ಇವೆಲ್ಲ ದೂರದ ಸುದ್ದಿಯಲ್ಲ. ಈ ಸಂಚಿಕೆ ಓದುವ ಹಲವರ ತಂದೆತಾಯಿ ಇನ್ನೂ ಹಾಸನ ಜಿಲ್ಲೆಯಲ್ಲೇ ಇದ್ದಾರೆ. ಪಹಣಿಯಲ್ಲಿ ಮಕ್ಕಳ ಹೆಸರಿದೆ. ಅಂಥವರು ಮುಂದಿನ ಸಂಚಿಕೆಗೆ ತಮ್ಮ ಹೋಬಳಿಯ ಕೆರೆ, ಬಸ್ಸು, ಶಾಲೆ, ಮಂಡಿಯ ಸುದ್ದಿ ಬರೆದು ಕಳಿಸಬೇಕೆಂದು ಸಂಪಾದಕ ಮಂಡಳಿ ಕೋರುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಸ್ಮಾರಕದ ನೂರು ಮೀಟರ್ ಒಳಗೆ ಹಿರಿಯರ ಮನೆ ಇರುವವರು ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿಕೊಳ್ಳಬಹುದು: ಹಳೆಯ ಕಂದಾಯ ರಸೀದಿ, ವಿದ್ಯುತ್ ಬಿಲ್ಲುಗಳನ್ನು ಟ್ರಂಕಿನಿಂದ ತೆಗೆದು ಜೋಪಾನ ಮಾಡುವುದು. ಅಲ್ಲಿ ರಿಪೇರಿಗೆ ಅನುಮತಿ ಸಿಗಬೇಕಾದರೆ ಮನೆ 1992ರ ಜೂನ್ 16ಕ್ಕೂ ಮೊದಲಿನದೆಂದು ತೋರಿಸಬೇಕಾಗುತ್ತದೆ.