ಎಂಟು ಹಾಕಿದವರೆಲ್ಲ ಸವಾರರೇ?

ನನ್ನ ಬೈಕ್ ಲೈಸನ್ಸ್ ಪರೀಕ್ಷೆ ಮುಗಿಯೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಸುಣ್ಣದಲ್ಲಿ ಎಳೆದ ಎಂಟರ ಮೇಲೆ, ಮೊದಲ ಗೇರಿನಲ್ಲಿ, ಕ್ಲಚ್ ಅರ್ಧ ಹಿಡಿದು, ಉಸಿರು ಬಿಗಿಹಿಡಿದು ಸುತ್ತು ಹಾಕಿದೆ. ಕಾಲು ನೆಲಕ್ಕೆ ತಾಗಲಿಲ್ಲ. ಸಾಹೇಬರು ಕಾಗದದಿಂದ ಅರ್ಧ ತಲೆ ಎತ್ತಿ "ಹೂಂ, ನಡಿ" ಅಂದರು. ಯಾವ ಕಚೇರಿ ಅಂತ ಕೇಳಬೇಡಿ, ಎಲ್ಲ ಕಡೆಯೂ ಇದೇ ಕಥೆ. ಆ ಒಂದು "ಹೂಂ"ನಿಂದ, ದೇಶದ ಯಾವ ರಸ್ತೆಯಲ್ಲಾದರೂ, ಯಾವ ಬೈಕನ್ನಾದರೂ, ಹಿಂದೆ ಇನ್ನೊಂದು ಜೀವವನ್ನು ಕೂರಿಸಿಕೊಂಡು ಓಡಿಸುವ ಹಕ್ಕು ನನ್ನದಾಯಿತು.

ಆ ಇನ್ನೊಂದು ಜೀವದ ವಿಷಯಕ್ಕೇ ಬರುತ್ತೇನೆ.

ನಮ್ಮದು ನಾಗನೂರ. ಗೋಕಾಕ, ಮೂಡಲಗಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ರಸ್ತೆಯ ಮಾಲೀಕರೇ ಬದಲಾಗುತ್ತಾರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆ ಕಡೆ ಸಾಗುತ್ತವೆ. ಮುಂದೆ ಕಿವಿ ಕಿತ್ತುಹೋಗುವಂಥ ಹಾಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಲೈಸನ್ಸ್ ಬಂದ ವರ್ಷವೇ ಅಂಥದೊಂದು ರಾತ್ರಿ ಕಾಕಾನ ಮಗನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಎದುರಿನ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆಯಿತು. ಅದು ದಾಟಿದ ಮೇಲೆ ನೋಡಿದರೆ, ಹತ್ತು ಮಾರು ದೂರದಲ್ಲಿ ಪಂಕ್ಚರ್ ಆಗಿ ನಿಂತ ಕಬ್ಬಿನ ಟ್ರೇಲರ್. ಹಿಂದಿನ ಬ್ರೇಕನ್ನು ಪೂರ್ತಿ ತುಳಿದೆ. ಚಕ್ರ ಲಾಕ್ ಆಗಿ ಗಾಡಿ ಅಡ್ಡ ಜಾರಿತು. ನನಗೆ ತರಚು ಗಾಯ. ತಮ್ಮನ ಎಡಗಾಲಿನಲ್ಲಿ ಇವತ್ತಿಗೂ ರಾಡ್ ಇದೆ.

ಮುಂದಿನ ಬ್ರೇಕ್ ಯಾಕೆ ಹಿಡಿಯಲಿಲ್ಲ? ಯಾಕೆಂದರೆ ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಹೊಲದ ದಾರಿಯಲ್ಲಿ ಗಾಡಿ ಕಲಿಸಿದ ಮಾಮಾ ಹೇಳಿದ್ದ ಮೊದಲ ಪಾಠವೇ ಅದು: "ಮುಂದಿನ ಬ್ರೇಕ್ ಮುಟ್ಟಬ್ಯಾಡ ನೋಡ, ಪಲ್ಟಿ ಹೊಡಿತಿ." ಗಾಡಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಇರುವುದೇ ಮುಂದಿನ ಚಕ್ರದಲ್ಲಿ, ಎರಡನ್ನೂ ಒಟ್ಟಿಗೆ, ಒತ್ತಡ ಏರಿಸುತ್ತ ಹಿಡಿಯಬೇಕು ಅನ್ನೋದು ನನಗೆ ಗೊತ್ತಾಗಿದ್ದು ಅಪಘಾತವಾದ ಮೇಲೆ, ಮೊಬೈಲಿನಲ್ಲಿ ವಿಡಿಯೋ ನೋಡಿ. ಮಾಮಾನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗೊತ್ತಿದ್ದನ್ನು ಅವನು ಕಲಿಸಿದ. ಸಿಟ್ಟಿರುವುದು, ಆ ತಪ್ಪು ಪಾಠವನ್ನು ಹಿಡಿದು ತಿದ್ದಬೇಕಾಗಿದ್ದ ಪರೀಕ್ಷೆಯ ಮೇಲೆ. ಎಂಟು ಹಾಕುವಾಗ ಮುಂದಿನ ಬ್ರೇಕ್ ಬೇಕೇ ಆಗುವುದಿಲ್ಲ!

ಎಲ್‌ಎಲ್‌ನಿಂದ ಡಿಎಲ್‌ಗೆ ಹೋಗುವ ದಾರಿಯನ್ನು ಕಾಗದದ ಮೇಲೆ ನೋಡಿ, ಚೆಂದ ಇದೆ. ಕಲಿಕಾ ಲೈಸನ್ಸಿಗೆ 6 ತಿಂಗಳ ಆಯುಷ್ಯ. ಅದು ಸಿಕ್ಕ 30 ದಿನಗಳ ನಂತರವೇ ಪಕ್ಕಾ ಲೈಸನ್ಸಿನ ಪರೀಕ್ಷೆ. ಅಲ್ಲಿಯತನಕ ಗಾಡಿಯ ಹಿಂದೆ, ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಫೇಲಾದರೆ 7 ದಿನ ಬಿಟ್ಟು ಮತ್ತೆ ಬರಬಹುದು, ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಅಂದರೆ ಕಾನೂನು ಮಾಡಿದವರ ತಲೆಯಲ್ಲಿ ಕಲಿಕೆ ಅನ್ನುವ ಕಲ್ಪನೆ ಇತ್ತು. ಆದರೆ ಆ 30 ದಿನ ನೀವು ಏನು ಮಾಡಿದಿರಿ ಅಂತ ಯಾರಾದರೂ ಕೇಳಿದರಾ? ಕಲಿಕೆಯ ತಿಂಗಳು ಕಾಯುವ ತಿಂಗಳಾಗಿದೆ, ಅಷ್ಟೇ. ನಮ್ಮೂರಲ್ಲಿ ನಾನು ಹುಟ್ಟಿದಾಗಿನಿಂದ ಬೈಕಿಗೆ 'ಎಲ್' ಅಂಟಿಸಿದ ಒಬ್ಬನನ್ನೂ ನೋಡಿಲ್ಲ. ನಾನೂ ಅಂಟಿಸಿರಲಿಲ್ಲ.

ಇನ್ನೂ ತಮಾಷೆ ಕೇಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ, ಪರೀಕ್ಷೆಯಲ್ಲಿ ಏನೇನು ನೋಡಬೇಕು ಅಂತ ಉದ್ದನೆಯ ಪಟ್ಟಿಯನ್ನೇ ಕೊಟ್ಟಿದೆ. ಕನ್ನಡಿ ಸರಿಮಾಡಿಕೊಂಡರಾ, ಸರಿಯಾದ ಹೊತ್ತಿಗೆ ಸಿಗ್ನಲ್ ಕೊಟ್ಟರಾ, ಇನ್ನೊಂದು ಗಾಡಿಯನ್ನು ಸುರಕ್ಷಿತವಾಗಿ ದಾಟಿದರಾ, ತುರ್ತಿನಲ್ಲಿ ಗಾಡಿ ನಿಲ್ಲಿಸಿದರಾ, ಎಲ್ಲವೂ ಅದರಲ್ಲಿದೆ. ಹೊಸ ಕಾನೂನು ಬೇಕು ಅಂತ ಯಾರೂ ಬೊಬ್ಬೆ ಹಾಕಬೇಕಾಗಿಲ್ಲ. ಇರುವ ಪಟ್ಟಿಯನ್ನು ಸುಣ್ಣದ ಎಂಟಕ್ಕೆ ಇಳಿಸಿದ್ದೇವಲ್ಲ, ಅದೇ ಹಗರಣ.

ಎರಡನೇ ಹಗರಣ ಕಾರ್ಡಿನ ಮೇಲೇ ಅಚ್ಚಾಗಿದೆ: ಎಂಸಿಡಬ್ಲ್ಯುಜಿ. ಗೇರ್ ಇರುವ ಮೋಟಾರ್ ಸೈಕಲ್. ನೂರು ಸಿಸಿ ಗಾಡಿಯಲ್ಲಿ ಎಂಟು ಹಾಕಿದವನು ಮರುದಿನವೇ ಅದರ ಐದು ಪಟ್ಟು ಶಕ್ತಿಯ 390 ಸಿಸಿ ಬೈಕ್ ಓಡಿಸಬಹುದು. ಕಾನೂನಿನ ಕಣ್ಣಿಗೆ ಎರಡೂ ಒಂದೇ. ಬ್ರಿಟನ್ನಿನಲ್ಲಿ ಕಲಿಕೆಯವರು ರಸ್ತೆಗೆ ಇಳಿಯುವ ಮೊದಲೇ ಕಡ್ಡಾಯ ತರಬೇತಿ ಮುಗಿಸಬೇಕು. ಆಮೇಲೂ 125 ಸಿಸಿಯ ಮಿತಿ. 17ಕ್ಕೆ ಸಣ್ಣ ಬೈಕ್, 19ಕ್ಕೆ ನಡುವಿನದು, ನೇರವಾಗಿ ದೊಡ್ಡ ಬೈಕ್ ಬೇಕೆಂದರೆ 24 ತುಂಬಬೇಕು. ಅಲ್ಲಿ ಲೈಸನ್ಸ್ ಮೆಟ್ಟಿಲು, ಇಲ್ಲಿ ಲಿಫ್ಟು.

ಲೆಕ್ಕ ಬೇಕಾ? ಕೇಂದ್ರ ಸರ್ಕಾರದ್ದೇ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಇವರನ್ನೆಲ್ಲ ಪರೀಕ್ಷೆಯೇ ಕೊಂದಿತು ಅಂತ ನಾನು ಹೇಳುವುದಿಲ್ಲ. ದೀಪವಿಲ್ಲದ ಟ್ರೇಲರೂ ಇದೆ, ಗುಂಡಿಯೂ ಇದೆ, ಹಾಕದ ಹೆಲ್ಮೆಟ್ಟೂ ಇದೆ. ಆದರೆ ಇವನ್ನೆಲ್ಲ ದಿನಾ ಎದುರಿಸಬೇಕಾದವನಿಗೆ ಸರ್ಕಾರ ಸಿಗುವುದು ಒಂದೇ ಸಲ. ಆ ಒಂದು ಭೇಟಿಯನ್ನೂ "ಹೂಂ, ನಡಿ" ಅಂತ ಮುಗಿಸಿದರೆ ಹ್ಯಾಗ್ರೀ?

ಊರಿಗೆ ಹೋದಾಗ ಇದನ್ನು ಹೇಳಿದರೆ ಎರಡು ಉತ್ತರ ಬರುತ್ತವೆ. ಒಂದು ಹಿರಿಯರದು: "ತಮ್ಮಾ, ನಾವೆಲ್ಲ ಯಾವ ಸಾಲಿಗೆ ಹೋಗಿ ಗಾಡಿ ಕಲ್ತೇವಿ? ಹೊಡ್ಕೋತ ಹೊಡ್ಕೋತ ಬರ್ತೈತಿ." ಕಾಕಾ, ಬರ್ತೈತಿ, ಖರೇ. ಬರುವತನಕ ಹಿಂದೆ ಕೂತವನ ಕಾಲು ಉಳಿಯಬೇಕಲ್ಲ.

ಎರಡನೆಯದು ನ್ಯಾಯವಾದದ್ದು. ನಾಗನೂರದ ಕೂಲಿಯವನಿಗೆ ಪರೀಕ್ಷೆಗೆ ಹೋಗುವುದೆಂದರೆ ಒಂದು ದಿನದ ಪಗಾರ ಹೋಯಿತು. ಪರೀಕ್ಷೆ ಬಿಗಿ ಮಾಡಿದರೆ ಅವನು ಎರಡು ಸಲ, ಮೂರು ಸಲ ಅಲೆಯಬೇಕು. ಕೊನೆಗೆ ಏಜಂಟನ ಜೇಬು ತುಂಬುತ್ತದೆ, ಇಲ್ಲವೇ ಅವನು ಲೈಸನ್ಸೇ ಇಲ್ಲದೆ ಓಡಿಸುತ್ತಾನೆ. ಈ ಮಾತನ್ನು ಬೆಂಗಳೂರಿನಲ್ಲಿ ಕೂತು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಇದಕ್ಕೆ ಮದ್ದು ಸುಲಭ ಪರೀಕ್ಷೆ ಅಲ್ಲ, ಹತ್ತಿರದ ಪರೀಕ್ಷೆ. ತಿಂಗಳಿಗೊಂದು ದಿನ ಮೂಡಲಗಿಯಲ್ಲೋ ಹುಕ್ಕೇರಿಯಲ್ಲೋ ಒಂದು ಕಾಲೇಜಿನ ಮೈದಾನ ಹಿಡಿದು ಬೆಳಿಗ್ಗೆ ಕಲಿಸಿ, ಮಧ್ಯಾಹ್ನ ಪರೀಕ್ಷೆ ಮಾಡಲಿ. ಕೇಂದ್ರ ನಿಯಮದ ಪ್ರಕಾರ ಪರೀಕ್ಷೆಗೆ 300, ಲೈಸನ್ಸಿಗೆ 200 ರೂಪಾಯಿ ಶುಲ್ಕ ಕಟ್ಟುತ್ತೇವೆ. ಆ ದುಡ್ಡಿಗೆ ಒಂದು ಗಂಟೆಯ ಪಾಠ ಕೇಳುವುದು ದುರಾಸೆಯೇನಲ್ಲ.

ನನ್ನ ಬೇಡಿಕೆ ಮೂರೇ. ಎಂಟು ಇರಲಿ, ಅದರ ಪಕ್ಕದಲ್ಲಿ ನಲವತ್ತರ ವೇಗದಿಂದ ಎರಡೂ ಬ್ರೇಕ್ ಹಿಡಿದು ಗೆರೆಯೊಳಗೆ ನಿಲ್ಲಿಸುವ ಪರೀಕ್ಷೆ ಇರಲಿ. ಎಲ್‌ಎಲ್‌ನ 30 ದಿನಗಳಲ್ಲಿ ಒಂದು ದಿನದ ಕಡ್ಡಾಯ ತರಬೇತಿ ಇರಲಿ, ರಾತ್ರಿ ಸವಾರಿ ಮತ್ತು ನಿಂತ ವಾಹನಗಳ ಪಾಠ ಅದರೊಳಗೆ ಸೇರಲಿ. ದೊಡ್ಡ ಎಂಜಿನ್ನಿಗೆ ಬೇರೆ ಮೆಟ್ಟಿಲಿರಲಿ.

ಸರ್ಕಾರ ಮಾಡುವತನಕ ಕಾಯಬೇಕಾಗಿಲ್ಲ. ಮೊದಲ ಸಂಬಳದಲ್ಲಿ ದೊಡ್ಡ ಬೈಕ್ ತಗೊಂಡು ವೀಕೆಂಡಿಗೆ ಚಿಕ್ಕಮಗಳೂರಿನ ಘಾಟಿ ಹತ್ತುವ ಗೆಳೆಯರೇ, ಈ ಮಾತು ನಿಮಗೆ. ಜಾಕೆಟ್ಟಿಗೆ, ಗ್ಲೌಸಿಗೆ ಸಾವಿರಗಟ್ಟಲೆ ಸುರಿಯುತ್ತೀರಿ. ಈ ಭಾನುವಾರ ಖಾಲಿ ಮೈದಾನಕ್ಕೆ ಹೋಗಿ ಹತ್ತು ಸಲ ಬ್ರೇಕ್ ಹಿಡಿದು ನೋಡಿ, ಎಷ್ಟು ದೂರಕ್ಕೆ ನಿಲ್ಲುತ್ತೀರಿ ಅಂತ ಅಳೆಯಿರಿ. ನಿಮ್ಮ ನಿಜವಾದ ಡಿಎಲ್ ಪರೀಕ್ಷೆ ಅದು. ಪರ್ಸಿನಲ್ಲಿರುವ ಕಾರ್ಡು ನೀವು ಎಂಟು ಹಾಕಿದ್ದೀರಿ ಅಂತ ಮಾತ್ರ ಹೇಳುತ್ತದೆ.

ನಾನು ಇದನ್ನು ನಲವತ್ತು ಸಲ ಮಾಡಿದ ಮೇಲೆ ಊರಿಗೆ ಹೋಗಿ, ತಮ್ಮನನ್ನು ಮತ್ತೆ ಹಿಂದೆ ಕೂರಿಸಿಕೊಂಡೆ. ಅವನು ಹತ್ತುವ ಮೊದಲು ಒಂದೇ ಮಾತು ಕೇಳಿದ: "ಅಣ್ಣಾ, ಈಗರೆ ಕಲ್ತೀ ಇಲ್ಲೋ?"

ಆ ಪ್ರಶ್ನೆಯನ್ನು ಸರ್ಕಾರ ನನಗೆ ಕೇಳಲೇ ಇಲ್ಲ.