ಎರಡಕ್ಕೂ ‘ತಲಿ ಕೆಟ್ಟೈತಿ’ ಅನ್ನಬ್ಯಾಡ್ರಿ

ಆಟಿಸಂ, ಸ್ಕಿಜೋಫ್ರೇನಿಯಾ ಎರಡೂ ಒಂದೇ ಅನ್ಕೊಂಡೀರೇನು? ಒಂದ್ ಕಾಲಕ್ಕ ಡಾಕ್ಟರುಗಳಿಗೂ ಈ ಗೊಂದಲ ಇತ್ತು. 1911ರ ಹೊತ್ತಿಗೆ ಸ್ವಿಸ್ ವೈದ್ಯ ಬ್ಲಾಯ್ಲರ್ ‘ಆಟಿಸಂ’ ಅಂದಿದ್ದೇ ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ. ಅಮೆರಿಕದ ಮನೋವೈದ್ಯರ ಕೈಪಿಡಿ ಎರಡನ್ನೂ ಬೇರೆ ಮಾಡಿದ್ದು 1980ರಲ್ಲಿ.

ಆಟಿಸಂ ರೋಗ ಅಲ್ಲ, ಮಿದುಳು ಬೆಳೆಯೋ ರೀತಿನೇ ಬೇರೆ. ಚಿಕ್ಕಂದಿನಿಂದ್ಲೇ ಇರ್ತೈತಿ. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಶುರುವಾಗೋದು ಹದಿಹರೆಯ ಮುಗಿಯೋ ಹೊತ್ತಿಗೆ, ಇಪ್ಪತ್ತರ ಆಸುಪಾಸು, ಅಂದ್ರ ನಮ್ಮ ವಯಸ್ಸಿಗೆ. ಇಲ್ಲದ ದನಿ ಕೇಳಿಸ್ತೈತಿ, ಎಲ್ಲಾರ ಮ್ಯಾಲೂ ಸಂಶಯ. ಕೆಲವರಿಗೆ ಎರಡೂ ಇರಬಹುದು.

ಅದಕ್ಕ ಗೆಳೆಯಾಗ ಹೆಸರಿಡೋ ಮೊದ್ಲು ಒಂದು ಕೇಳ್ಕೊಳ್ರಿ: ಇಂವ ಮೊದಲಿಂದ ಹಿಂಗಾ, ಇತ್ತೀಚೆಗೆ ಬದಲಾದನಾ? ಮೊದಲಿಂದ ಹಂಗಿದ್ರ, ಇದ್ದಂಗ ಜೊತಿಗೆ ಸೇರಿಸ್ಕೊಳ್ರಿ. ಬದಲಾಗಿದ್ರ ತಡ ಮಾಡಬ್ಯಾಡ್ರಿ, ಚಿಕಿತ್ಸೆ ಬೇಗ ಸಿಕ್ಕಷ್ಟೂ ಒಳ್ಳೇದು. ರಾಣೆಬೆನ್ನೂರಿಂದ ರೈಲು ಹತ್ತಿದ್ರ ಧಾರವಾಡದಾಗ ಡಿಮ್ಹಾನ್ಸ್ ಐತಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಾಕ ರೊಕ್ಕಾನೂ ಬೇಕಿಲ್ಲ.